ಹೊಗೆ ವಾಪಸ್ ಕೊಟ್ಟ ಮೈಲಾರಿ

ಜರಡಿ ನಿಲ್ಲಿಸಬ್ಯಾಡ್ರೇ ನಮ್ಮವ್ವಗಳಿರಾ! ಕೈ ಕೈಯಷ್ಟಕ್ಕೆ ಆಡ್ತಿರ್ಲಿ, ಕಿವಿ ಈ ಕಡೆ ಇರ್ಲಿ. ಕತೆ ಹೇಳು ಹೇಳು ಅಂತ ಪ್ರಾಣ ತಿನ್ನೋರೂ ನೀವೇ, ಹೇಳೋಕೆ ಶುರು ಮಾಡಿದ್ರೆ ಆಕಳಿಸೋರೂ ನೀವೇ. ಯಾರಾದ್ರೂ ಆಕಳಿಸಿದ್ರೆ ನಾನು ಎದ್ದು ಹೋಗ್ತೀನಿ, ಈಗ್ಲೇ ಹೇಳಿರ್ತೀನಿ.

ಒಂದು ಊರು. ಊರ ತುದೀಲಿ ಒಂದು ಗಲ್ಲಿ. ಗಲ್ಲಿ ತುಂಬ ಮಂಡಕ್ಕಿ ಭಟ್ಟಿ. ಭಟ್ಟಿ ಎಲ್ಲಾ ಒಬ್ಬಂದೇ, ಶೇಖ್ರಣ್ಣ ಸಾವ್ಕಾರಂದು. ಕಟ್ಟಿಗೆ ಹಾಕಿದ್ರೆ ದುಬಾರಿ ಅಂತ ಒಲೆಗೆ ಹಳೇ ಟೈರು ತುರುಕಿಸೋನು. ಟೈರು ಉರಿದ್ರೆ ಏನಾಗುತ್ತೆ ನಿಮಗೆ ನಾನು ಹೇಳ್ಬೇಕಾ? ಕರ್ರಗೆ ಹೊಗೆ! ಬೆಳಗ್ಗೆ ಬಿಳೀ ಅಂಗಿ ಒಣಹಾಕಿದ್ರೆ ಮಧ್ಯಾಹ್ನಕ್ಕೆ ಬೂದು ಅಂಗಿ, ಸಂಜೆಗೆ ಕರೀ ಅಂಗಿ. ಆ ಗಲ್ಲೀಲಿ ಬೆಳ್ಳಗಿದ್ದದ್ದು ಅಂದ್ರೆ ಮಂಡಕ್ಕಿ ಒಂದೇ.

ಅಲ್ಲಿ ಕೊಟ್ರವ್ವ ಅಂತ ಒಬ್ಳು. ನಮ್ಮಂಗೇ ಜರಡಿ ಹಿಡಿಯೋಳು. ಹುರಿದ ಮಂಡಕ್ಕಿ ಸುರುವಿದ್ರೆ ಮರಳು ಕೆಳಗೆ, ಮಂಡಕ್ಕಿ ಮ್ಯಾಲೆ. ಗಂಡ ತೀರ್ಕಂಡಿದ್ದ. ಇದ್ದೋನು ಒಬ್ಬನೇ ಮಗ, ಮೈಲಾರಿ. ಮೀಸೆ ಬಂದಿತ್ತು, ಬುದ್ಧಿ ಬಂದಿರ್ಲಿಲ್ಲ. ಎತ್ತು ಈದೈತೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತಾರಲ್ಲ, ಇವನು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಎತ್ತು ಈದೈತೆ ಅಂದ್ರೆ ಹಾಲು ಕರಿಯೋಕೆ ಚೊಂಬು ತಗಂಡು ಓಡೋನು! ಒಂದು ಕಡೆ ನಿಲ್ಲೋನಲ್ಲ, ಕುಂದ್ರೋನಲ್ಲ. ಹೇಳಿದ್ದು ಹೇಳಿದಂಗೇ ಮಾಡೋನು. ಅದೇ ಬಂದಿದ್ದು ಕೇಡು!

"ಅಯ್ಯೋ ಶಿವನೇ, ಇವನ ಬದ್ಲು ಹೊಟ್ಟೇಲಿ ಒಂದು ಒನಕೆ ಹುಟ್ಟಿದ್ರೆ ಭತ್ತ ಆದ್ರೂ ಕುಟ್ತಿದ್ದೆ!" ಅಂತ ಕೊಟ್ರವ್ವ ಹಣೆ ಹಣೆ ಬಡ್ಕಳ್ಳೋಳು. ಬಡ್ಕಂಡು ಇನ್ನಷ್ಟು ಬೈಯಾಣ ಅಂತ ಉಸಿರು ಎಳ್ಕಂಡ್ರೆ, ಖೊಕ್! ಖೊಕ್! ಖೊಕ್! ಕೆಮ್ಮು. ಬೈಗುಳ ಅರ್ಧಕ್ಕೇ ನಿಲ್ಲೋದು.

ಇದನ್ನ ನೆನಪಿಟ್ಕಳ್ರೇ. ಅವಳು ಬೈಯೋಳು, ಬುದ್ಧಿ ಹೇಳೋಳು, ಆದ್ರೆ ಒಂದು ಸಲನೂ ಪೂರ್ತಿ ಹೇಳಿ ಮುಗಿಸಿದೋಳಲ್ಲ. ತಲೆ ಹೇಳಿದ್ರೆ ಬಾಲ ಕೆಮ್ಮು ತಿನ್ನೋದು. ಬುದ್ಧಿ ಇರೋದೇ ಬಾಲದಾಗೆ!

ಕೆಮ್ಮು ಜಾಸ್ತಿ ಆತು. ಮೆಟ್ಲು ಹತ್ತೋಕೆ ಆಗಲ್ಲ, ಕೊಡ ಎತ್ತೋಕೆ ಆಗಲ್ಲ. ಉಗುಳಿದ್ರೆ ಉಗುಳೂ ಕರ್ರಗೆ. ಪಕ್ಕದ್ಮನೆ ಹುಸೇನ್‌ಬಿ, ಅವಳೂ ಜರಡಿ ಹಿಡಿಯೋಳೇ, "ನಡಿಯೇ ದವಾಖಾನಿಗೆ" ಅಂತ ಎಳ್ಕಂಡೇ ಹೋದ್ಲು. ಮೈಲಾರಿ ಹಿಂದೆ ಓಡಿದ.

ಡಾಕ್ಟ್ರವ್ವ ಎದೆ ಮ್ಯಾಲೆ ಕೊಳವೆ ಇಟ್ಟು ಕೇಳಿದ್ಲು. ಮುಖ ಸಣ್ಣಗೆ ಮಾಡಿದ್ಲು.

"ಎದೆ ತುಂಬ ಮಸಿ ಕೂತಿದೆ ಕೊಟ್ರವ್ವ. ಹಿಂಗೇ ಹೊಗೆ ಕುಡೀತಾ ಇದ್ರೆ ಉಸಿರು ಸಾಲದೇ ಹೋಗುತ್ತೆ."

ಮೈಲಾರಿ ನಡುವೆ ಬಾಯಿ ಹಾಕಿದ. "ಉಸಿರು ಸಾಲ್ದೇ ಹೋದ್ರೆ ಏನಾಗುತ್ತೆ?"

ಡಾಕ್ಟ್ರವ್ವ ಕೊಳವೆ ತೆಗೆದಿಟ್ಲು. ಕೊಟ್ರವ್ವನೇ ಅಂದ್ಲು, "ಏನಾಗುತ್ತೆ? ನಿನ್ನ ಬೈಯೋರು ಯಾರೂ ಇರಲ್ಲ!"

ಮೈಲಾರಿ ಅವ್ವನ ಸೆರಗು ಹಿಡ್ಕಂಡ. ಬೈಯೋ ಅವ್ವ ಇಲ್ದೇ ಹೋದ್ರೆ? ಯಾರು ಹೇಳಿದಂಗೆ ಮಾಡೋದು? ಅವನ ಕಣ್ಣು ತುಂಬ್ಕಂಡ್ವು. "ಡಾಕ್ಟ್ರವ್ವಾ, ನಾನೇನು ಮಾಡ್ಲಿ? ಹೇಳು! ಬೇಗ ಹೇಳು!"

"ಮನೇಲಿ ಎಲ್ಲಿ ಹೊಗೆ ಕಂಡ್ರೂ ನೀರು ಹಾಕಿ ಆರಿಸಪ್ಪಾ" ಅಂದ್ಲು ಡಾಕ್ಟ್ರವ್ವ. ಅವಳಿಗೇನು ಗೊತ್ತು, ಯಾರ ಕೈಗೆ ನೀರು ಕೊಡ್ತಿದೀನಿ ಅಂತ!

"ಆತು! ಇನ್ನು ಮ್ಯಾಲೆ ಹಂಗೇ ಮಾಡ್ತೀನಿ!" ಅಂದ ಮೈಲಾರಿ.

ಮಾರನೇ ದಿನ ಕೊಟ್ರವ್ವನ ತಮ್ಮ ಚೌಡಪ್ಪ ಬಂದ. ಲಗೇಜ್ ಆಟೋ ಓಡ್ಸೋನು. ಅಕ್ಕನ ಮೈ ನೆಟ್ಟಗಿಲ್ಲ ಅಂತ ಕೇಳಿ, ಹಣ್ಣು ತಗಂಡು ಬಂದ ಪುಣ್ಯಾತ್ಮ. ಬಂದೋನು ಅಕ್ಕನ ಮಂಚದ ಪಕ್ಕ ಕುಂತ, ಜೇಬಿಗೆ ಕೈ ಹಾಕಿದ, ಒಂದು ಬೀಡಿ ಹಚ್ಚಿದ. ಗಂಡಸರಿಗೆ ಏನು ರೋಗನೋ, ರೋಗಿ ನೋಡೋಕೆ ಬಂದ್ರೂ ಬೀಡಿ ಬೇಕು!

ಮೈಲಾರಿ ನೋಡಿದ. ಮಾವನ ಮೂಗಿಂದ ಹೊಗೆ! ಬಾಯಿಂದ ಹೊಗೆ!

"ಯವ್ವಾ, ಮಾವನ ಒಳಗೆ ಬೆಂಕಿ ಬಿದ್ದೈತೆ!" ಅಂದೋನೇ ಓಡಿದ. ಬಚ್ಚಲಾಗೆ ಇದ್ದ ಬಿಂದಿಗೆ ಎತ್ತಿದ. ಮಾವನ ತಲೆ ಮ್ಯಾಲೆ ದಬದಬ ಸುರುವಿದ!

"ಅಯ್ಯಯ್ಯೋ! ಏನಲೇ ಇದು?"

"ಆರ್ತಾ ಮಾವಾ? ಬಾಯಿ ತೆಗಿ ನೋಡಾಣ, ಒಳಗಿನ್ನೂ ಸ್ವಲ್ಪ ಐತೇನೋ!"

ಚೌಡಪ್ಪ ನೆಂದ ಕೋಳಿಯಂಗೆ ಎದ್ದು ಹೋದ. ಕೊಟ್ರವ್ವ ಮಂಚದ ಮ್ಯಾಲೆ ಎದ್ದು ಕುಂತ್ಲು.

"ಲೇ ಹಾಳಾದೋನೇ! ಮನೆಗೆ ಬಂದೋರ ಮ್ಯಾಲೆ ನೀರು ಸುರಿತಾರೇನೋ? ಕೈ ಮುಗೀಬೇಕು ಕಣೋ! 'ಇದು ಎದೆಗೆ ಒಳ್ಳೇದಲ್ಲ, ದಯಮಾಡಿ ಹೊರಗೆ ಹೋಗ್ರಿ' ಅಂತ ಮರ್ಯಾದೆಯಿಂದ ಹೇಳ್ಬೇಕು! ನೀರು ಸುರಿಯೋದು ಯಾವಾಗ ಅಂದ್ರೆ..." ಖೊಕ್! ಖೊಕ್! ಖೊಕ್!

ಬಾಲ ಕೆಮ್ಮಿನ ಪಾಲಾತು.

"ಆತವ್ವಾ! ಇನ್ನು ಮ್ಯಾಲೆ ಹಂಗೇ ಮಾಡ್ತೀನಿ!"

ಗಲ್ಲಿ ಮೂಲೇಲಿ ಒಂದು ಕಸದ ಗುಡ್ಡೆ. ಯಾರೋ ಒಬ್ರು ದಿನಾ ಬೆಂಕಿ ಹಚ್ಚೋರು. ಪ್ಲಾಸ್ಟಿಕ್ ಕವರು, ಹರಿದ ಚಪ್ಲಿ, ಮುರಿದ ಬಕೀಟು, ಎಲ್ಲಾ ಹಾಕಿ ಸುಡೋರು. ಕಸ ಹೋತಲ್ಲ, ಸಾಕು! ಎದೆ ಒಳಗೆ ಹೋತು ಅಂತ ಯಾರಿಗೆ ಗ್ಯಾನ?

ಅವತ್ತು ಗಾಳಿ ಜೋರಿತ್ತು. ಕಸದ ಬೆಂಕಿ ಹಾರಿ ಬಂದು ಹುಸೇನ್‌ಬಿ ಹಗ್ಗದ ಮ್ಯಾಲೆ ಹಾಕಿದ್ದ ಕೌದಿಗೆ ಹತ್ತಿತು. ಹಳೇ ಸೀರೆ ತುಂಡೆಲ್ಲಾ ಸೇರಿಸಿ ಕೈಯಾರೆ ಹೊಲಿದ ಕೌದಿ ಅದು. ಅಲ್ಲೇ ನಿಂತಿದ್ದೋನು ಯಾರು? ನಮ್ಮ ಮೈಲಾರಿ! ಪಕ್ಕದಾಗೇ ನೀರಿನ ಡ್ರಮ್ಮು ತುಂಬಿತ್ತು.

ಮುಟ್ಟಿದ್ನಾ? ಊಹೂಂ! ಅವ್ವ ಹೇಳ್ಯಾಳಲ್ಲ, ನೀರು ಸುರೀಬಾರ್ದು, ಮರ್ಯಾದೆ ಕೊಡ್ಬೇಕು! ಕೌದಿ ಮುಂದೆ ನಿಂತ. ಎರಡೂ ಕೈ ಮುಗಿದ. ತಲೆ ಬಗ್ಗಿಸಿದ.

"ಬೆಂಕಿಯಪ್ಪಾ, ಇದು ಎದೆಗೆ ಒಳ್ಳೇದಲ್ಲ. ದಯಮಾಡಿ ಹೊರಗೆ ಹೋಗ್ರಿ."

ಬೆಂಕಿ ಹೋಗ್ಲಿಲ್ಲ.

"ಹೊರಗೇ ಇದೀರಿ ಅಂತೀರಾ? ಹಂಗಾದ್ರೆ ಇನ್ನೂ ಸ್ವಲ್ಪ ಹೊರಗೆ ಹೋಗ್ರಿ."

ಹುಸೇನ್‌ಬಿ ಓಡಿ ಬರೋ ಹೊತ್ತಿಗೆ ಅರ್ಧ ಕೌದಿ ಬೂದಿ. ಅವಳೇ ನೀರು ಹಾಕಿ ಆರಿಸಿದ್ಲು, ಉಳಿದರ್ಧ ಹಿಡ್ಕಂಡು ಕೊಟ್ರವ್ವನ ಬಾಗ್ಲಿಗೆ ಬಂದ್ಲು. "ನೋಡೇ ನಿನ್ನ ಮಗನ್ನ! ಬೆಂಕಿಗೆ ಕೈ ಮುಗ್ದು ನಿಂತಿದ್ದ! ಊದಿನಕಡ್ಡಿ ಒಂದು ಹಚ್ಚಲಿಲ್ಲ ಪುಣ್ಯ!"

ಕೊಟ್ರವ್ವ ತಲೆ ಮ್ಯಾಲೆ ಕೈ ಹೊತ್ತು ಕುಂತ್ಲು. "ಅಯ್ಯೋ ಮಂಕೇ! ಬೆಂಕಿ ಹತ್ರ ಮರ್ಯಾದೆ ಮಾತಾಡ್ತಾರೇನೋ? ಅಂಥದು ಕಂಡ್ರೆ ಮುಚ್ಚಿಬಿಡ್ಬೇಕು! ಗೋಣಿಚೀಲ ಹಾಕ್ಬೇಕು, ಚೂರೂ ಗಾಳಿ ಆಡದಂಗೆ ಒತ್ತಿ ಮುಚ್ಚಬೇಕು! ಮನೇಲಿ ಮನುಷ್ರಿರೋ ಕಡೆ ಮಾತ್ರ..." ಖೊಕ್! ಖೊಕ್! ಖೊಕ್!

ಮನುಷ್ರಿರೋ ಕಡೆ ಮಾತ್ರ ಏನು? ಹೇಳೋಕೆ ಉಸಿರಿಲ್ಲ. ಕೈ ಬೀಸಿ ಹೋಗು ಅಂದ್ಲು.

"ಆತವ್ವಾ! ಇನ್ನು ಮ್ಯಾಲೆ ಹಂಗೇ ಮಾಡ್ತೀನಿ!"

ನಗ್ತೀರಾ? ನಗ್ರಿ. ಮುಂದಿಂದು ಕೇಳಿದ್ಮ್ಯಾಲೆ ನಗು ಬಂದ್ರೆ ಹೇಳ್ರಿ.

ಆ ಗಲ್ಲಿ ಚರಂಡೀಲಿ ನೀರು ಹರೀತಿರ್ಲಿಲ್ಲ, ಸೊಳ್ಳೆ ಮಾತ್ರ ಹಾರ್ತಿದ್ವು. ಹೊತ್ತು ಮುಳುಗೋ ಹೊತ್ತಿಗೆ ಗುಂಯ್ ಅಂತ ಒಳಗೆ ನುಗ್ಗೋವು. ಕೊಟ್ರವ್ವ ಸೊಳ್ಳೆಬತ್ತಿ ಹಚ್ಚಿ ಮಂಚದ ಕೆಳಗಿಟ್ಲು. ಒಲೆ ಮ್ಯಾಲೆ ಅನ್ನಕ್ಕಿಟ್ಟು, ಸ್ವಲ್ಪ ಹೊತ್ತು ಅಡ್ಡಾಗ್ತೀನಿ ಅಂತ ಕಣ್ಣು ಮುಚ್ಚಿದ್ಲು.

ಮೈಲಾರಿ ಒಳಗೆ ಬಂದ. ಮಂಚದ ಕೆಳಗೆ ಹೊಗೆ. ಒಲೆ ಮುಂದೆ ಹೊಗೆ.

"ಮುಚ್ಚಿಬಿಡ್ಬೇಕು!" ಅಂದ. ಮುಚ್ಚೋಕೆ ಶುರು ಮಾಡಿದ. ಆದ್ರೆ ಏನನ್ನ ಮುಚ್ಚಿದ? ಒಲೆನಾ? ಬತ್ತಿನಾ? ಇಲ್ಲ! ಚೂರೂ ಗಾಳಿ ಆಡಬಾರ್ದು ಅಂದ್ಲಲ್ಲ ಅವ್ವ, ಗಾಳಿ ಎಲ್ಲಿಂದ ಬರುತ್ತೆ? ಕಿಟಕಿಯಿಂದ! ಕಿಟಕಿಗೆ ಗೋಣಿಚೀಲ. ಬೆಳಕಿಂಡಿಗೆ ಅವ್ವನ ಹಳೇ ಕುಪ್ಪಸ. ಹಂಚಿನ ಸಂದಿಗೆ ಹುಲ್ಲು. ಬಾಗ್ಲು ಸಂದಿಗೆ ಒದ್ದೆ ಬಟ್ಟೆ. ಎಲ್ಲಾ ಮುಚ್ಚಿ, ಹೊರಗಿನಿಂದ ಬಾಗ್ಲು ಎಳ್ಕಂಡು, ತಾನು ಬಾಗ್ಲಿಗೆ ಬೆನ್ನು ಕೊಟ್ಟು ಕುಂತ. ಅವ್ವ ಆರಾಮಾಗಿ ಮಲಗ್ಲಿ ಅಂತ!

ಒಳಗೆ ಕೆಮ್ಮು ಶುರು ಆತು. ಖೊಕ್! ಖೊಕ್! ಆಮ್ಯಾಲೆ ಬಾಗ್ಲು ಬಡಿಯೋ ಸದ್ದು. ಆಮ್ಯಾಲೆ ಸದ್ದೂ ಸಣ್ಣಗಾತು.

"ಹುಸೇನಕ್ಕಾ, ಅವ್ವ ಈಗ ಕೆಮ್ತಾನೇ ಇಲ್ಲ!" ಅಂತ ಪಕ್ಕದ್ಮನೆ ಕಡೆ ಕೂಗಿದ ಮೈಲಾರಿ ಖುಷಿಯಿಂದ.

ಹುಸೇನ್‌ಬಿ ಅವನ ಕಡೆ ನೋಡಿದ್ಲು, ಬಾಗ್ಲು ಕಡೆ ನೋಡಿದ್ಲು. ಅವನ್ನ ಒದ್ದು ಆ ಕಡೆ ತಳ್ಳಿದ್ಲು. ಬಾಗ್ಲು ತಳ್ಳಿದ್ಲು. ಒಳಗಿಂದ ಕೊಟ್ರವ್ವನ್ನ ರಟ್ಟೆ ಹಿಡಿದು ಎಳ್ಕಂಡು ಬಂದು ಕಟ್ಟೆ ಮ್ಯಾಲೆ ಹಾಕಿದ್ಲು. ಮುಖ ನೀಲಿ. ಬೆನ್ನು ತಿಕ್ಕಿದ್ಲು, ನೀರು ಕುಡಿಸಿದ್ಲು, "ಯಾ ಅಲ್ಲಾ, ಉಸಿರಾಡೇ, ಉಸಿರಾಡೇ ಕೊಟ್ರೀ" ಅಂತ ಅತ್ಲು. ಎಷ್ಟೋ ಹೊತ್ತಿಗೆ ಕೊಟ್ರವ್ವ ಕಣ್ಣು ಬಿಟ್ಲು.

ಮೈಲಾರಿ ಅವ್ವನ ಕಾಲ ಹತ್ರ ಕುಂತ. "ಬೈಯವ್ವಾ. ಬೈಯಿ. ಒಂದೇ ಒಂದು ಸಲ ಬೈಯಿ."

ಅವಳಿಗೆ ದನಿನೇ ಇಲ್ಲ. ಪಿಸುಗುಟ್ಟಿದ್ಲು. "ಮುಚ್ಚಬಾರ್ದು ಮಗನೇ... ತೆಗೀಬೇಕು. ಎಲ್ಲಾ ತೆಗೆದಿಡ್ಬೇಕು. ಮುಚ್ಚಿದ್ದು ಒಂದೂ ಇರಬಾರ್ದು. ಅನ್ನ ನೀರು ಬಿಟ್ಟು..." ಖೊಕ್! ಖೊಕ್!

"ಆತವ್ವಾ" ಅಂದ ಮೈಲಾರಿ, ಕಣ್ಣು ಒರೆಸ್ಕಂತಾ. "ಇನ್ನು ಮ್ಯಾಲೆ ಹಂಗೇ ಮಾಡ್ತೀನಿ."

ಅವನಿಗೆ ನಿದ್ದೆ ಎಲ್ಲಿ ಬರುತ್ತೆ? ಮುಚ್ಚಿದ್ದು ಒಂದೂ ಇರಬಾರ್ದು! ಕೋಳಿ ಕೂಗೋಕೆ ಮುಂಚೆ ಎದ್ದ. ಕಿಟಕಿ ತೆಗೆದ, ಬಾಗ್ಲು ತೆಗೆದ. ಅಷ್ಟಕ್ಕೇ ನಿಂತಿದ್ರೆ ಕೈಯೆತ್ತಿ ಮುಗೀತಿದ್ದೆ ನಾನು! ನೀರಿನ ಗಡಿಗೆ ಮುಚ್ಚಳ ತೆಗೆದ. ಸಾರಿನ ಗಡಿಗೆ ಮುಚ್ಚಳ ತೆಗೆದ. ಅಕ್ಕಿ ಡಬ್ಬದ ಮುಚ್ಚಳ ತೆಗೆದ. ಹುಸೇನ್‌ಬಿ ಡ್ರಮ್ಮಿನ ಮುಚ್ಚಳ ತೆಗೆದ. ಗಲ್ಲೀಲಿ ಯಾರ್ಯಾರ ಮನೆ ಮುಂದೆ ಏನೇನು ಮುಚ್ಚಿತ್ತೋ ಎಲ್ಲಾ ತೆಗೆದ. ಕಡೆಗೆ ಚರಂಡಿ ಮ್ಯಾಲಿನ ಕಲ್ಲುಚಪ್ಪಡೀನೂ ಬಿಡ್ಲಿಲ್ಲ! ತೆಗೆದಿದ್ದನ್ನೆಲ್ಲಾ ಹೊತ್ತು ತಂದು ಅವ್ವನ ಮಂಚದ ಸುತ್ತ ಒಟ್ಟಿದ. ಯಾರೂ ಮತ್ತೆ ಮುಚ್ಚಬಾರ್ದಲ್ಲ!

ಬೆಳಗಾತು. ಭಟ್ಟಿ ಹಚ್ಚಿದ್ರು. ಮಸಿ ಉದುರಿ ಉದುರಿ ಎಲ್ಲರ ನೀರಾಗೆ ಬಿತ್ತು. ಸೊಳ್ಳೆ ನೊಣ ಸಾರಾಗೆ ಈಜಿದ್ವು. ಹುಸೇನ್‌ಬಿ ಡ್ರಮ್ಮಿಗೆ ನಾಯಿ ಬಾಯಿ ಹಾಕ್ತು. ಅರ್ಧ ಗಲ್ಲಿಗೆ ಹೊಟ್ಟೆ ಕೆಟ್ಟು, ಚೊಂಬು ಹಿಡ್ಕಂಡು ಓಡಾಟವೋ ಓಡಾಟ! ಅಕ್ಕನ್ನ ನೋಡೋಕೆ ಮತ್ತೆ ಬಂದ ಚೌಡಪ್ಪ ಪಾಪ, ಬೀಡಿನೂ ಹಚ್ಚಿರ್ಲಿಲ್ಲ ಈ ಸಲ. ಸೀದಾ ಚರಂಡಿ ಒಳಗೆ, ಸೊಂಟದ ಮಟ!

"ಮೈಲಾರೀ! ಲೇ! ನಿನ್ನ ಮನೆ ಹಾಳಾಗ!"

ಗಲ್ಲಿ ಗಲ್ಲಿನೇ ಬಾಗ್ಲಿಗೆ ಬಂತು. ನನ್ನ ಮುಚ್ಚಳ ಎಲ್ಲಿ, ನನ್ನ ತಟ್ಟೆ ಎಲ್ಲಿ! ಕೊಟ್ರವ್ವ ಮುಚ್ಚಳದ ರಾಶಿ ನಡುವೆ ಕುಂತು ಗೋಡೆಗೆ ತಲೆ ಆನಿಸಿದ್ಲು.

"ಬ್ಯಾರೆಯೋರ ವಸ್ತು ನಮ್ಮನೇಲಿ ಯಾಕಲೇ? ಮಂದಿ ವಸ್ತು ನಮ್ಮನೇಲಿ ಇರಬಾರ್ದು! ಯಾರದು ಏನು ಬಂದು ಸೇರಿದ್ರೂ ಅವರ ಮನೆ ಬಾಗ್ಲಿಗೇ ಹೋಗಿ, ಕೈ ಮುಗಿದು, ವಾಪಸ್ ಕೊಟ್ಟು ಬರ್ಬೇಕು! ಕೊಟ್ಟ ಮ್ಯಾಲೆ ಸುಮ್ಮನೆ ಮನೆಗೆ ಬಂದು..." ಖೊಕ್! ಖೊಕ್! ಖೊಕ್!

"ಆತವ್ವಾ! ಇನ್ನು ಮ್ಯಾಲೆ ಹಂಗೇ ಮಾಡ್ತೀನಿ!"

ಮಾಡಿದ ಕಣ್ರೇ! ಒಂದೊಂದು ಮುಚ್ಚಳನೂ ಅವರವರ ಮನೆಗೆ ಕೊಟ್ಟ. ಕೈ ಮುಗಿದ. ಚಪ್ಪಡಿ ಚರಂಡಿ ಮ್ಯಾಲಿಟ್ಟ. ಚರಂಡಿಗೂ ಕೈ ಮುಗಿದ. ಕೊಟ್ರವ್ವಂಗೆ ಆಶ್ಚರ್ಯ. "ಹುಸೇನ್‌ಬೀ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದೇ? ನನ್ನ ಮಗ ಹೇಳಿದ ಕೆಲ್ಸ ಸರಿಯಾಗಿ ಮಾಡ್ಯಾನೆ!" ಅಂತ ಜರಡಿ ತಗಂಡು ಭಟ್ಟಿಗೆ ಹೋದ್ಲು. ಹೋಗ್ದೇ ಇದ್ರೆ ಮನೆ ಒಲೆ ಉರಿಯೋದು ಹೆಂಗೆ?

ಮೈಲಾರಿ ಮನೇಲಿ ಒಬ್ಬನೇ. ಕುಂತ್ನಾ? ಇಲ್ಲ. ಆ ಮೂಲೆ ಈ ಮೂಲೆ ತಿರುಗಿದ. ಇನ್ನೂ ಯಾರದಾದ್ರೂ ಏನಾದ್ರೂ ನಮ್ಮನೇಲಿ ಉಳಿದೈತಾ? ಮಡಕೆ ನಮ್ಮದು. ಮಂಚ ನಮ್ಮದು. ಕಂಬ್ಳಿ ನಮ್ಮದು. ಅಷ್ಟರಾಗೆ ಭಟ್ಟಿಗೆ ಹೊಸಾ ಟೈರು ಹಾಕಿದ್ರು. ಕಿಟಕಿಯಿಂದ ಕರೀ ಹೊಗೆ ಹೊರಳಿ ಹೊರಳಿ ಒಳಗೆ ಬಂತು.

ಮೈಲಾರಿ ನಿಂತು ನೋಡಿದ. ಇದು ನಮ್ಮ ಒಲೇದಲ್ಲ. ನಮ್ಮ ಒಲೆ ಆರೈತೆ. ಮಾವನ ಬೀಡೀದಲ್ಲ. ಹಂಗಾದ್ರೆ ಯಾರದು?

ಹೊರಗೆ ಬಂದು ಹುಸೇನ್‌ಬಿನ್ನ ಕೇಳಿದ. "ಅಕ್ಕಾ, ಈ ಹೊಗೆ ಯಾರದು?"

"ಯಾರದಪ್ಪಾ? ಶೇಖ್ರಣ್ಣ ಸಾವ್ಕಾರಂದು. ಇನ್ನೇನು ನಿಮ್ಮಪ್ಪಂದಾ?"

"ಅಯ್ಯೋ! ನಮ್ಮದಲ್ವಾ! ಇಷ್ಟು ದಿನ ಮಂದಿ ವಸ್ತು ಮನೇಲಿಟ್ಕಂಡಿದ್ವಾ!"

ಮಂಡಕ್ಕಿ ತುಂಬೋ ದೊಡ್ಡ ಪ್ಲಾಸ್ಟಿಕ್ ಚೀಲ ಗೊತ್ತಲ್ಲ, ಆಳೆತ್ತರದ್ದು? ಅಂಥವನ್ನ ಭಟ್ಟಿಯಿಂದ ಎಳ್ಕಂಡು ಬಂದ. ಕಿಟಕಿಗೆ ಚೀಲದ ಬಾಯಿ ಹಿಡಿದ. ಹೊಗೆ ಬಂತು, ತುಂಬ್ತು. ಬಾಯಿ ತಿರುವಿದ, ದಾರ ಕಟ್ಟಿದ. ಇನ್ನೊಂದು ಚೀಲ. ಮೂಲೇಲಿ ಅವಿತಿದ್ದ ಹೊಗೆನ ಕೋಳಿ ಹಿಡಿದಂಗೆ ಓಡಾಡಿ ಹಿಡಿದ. ಕೆಮ್ತಾ ಕೆಮ್ತಾ ಕಟ್ಟಿದ. ಒಟ್ಟೊಟ್ಟಿಗೆ ಜೋಡಿಸಿ ಮಾವನ ಲಗೇಜ್ ಆಟೋಗೆ ಹೇರಿದ.

ಚರಂಡಿ ಕೆಸರು ತೊಳ್ಕಂಡು ಬಂದ ಚೌಡಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಲೇ, ಈ ಮಂಡಕ್ಕಿ ಯಾಕಲೇ ಕರ್ರಗೈತೆ?"

"ಇದು ಮಂಡಕ್ಕಿ ಅಲ್ಲ ಮಾವಾ. ಸಾವ್ಕಾರ್ರ ವಸ್ತು. ನಡಿ ಬೇಗ!"

ಸಾವ್ಕಾರ ಭಟ್ಟಿ ಹತ್ರ ಇರ್ತಾನೇನ್ರೇ? ಊರ ಆ ತುದೀಲಿ, ಮರ ಇರೋ ಕಡೆ, ಮೂರಂತಸ್ತಿನ ಮನೆ. ಅವತ್ತು ಮಗಳ ಸೀಮಂತ. ಹಸಿರು ಬಳೆ, ಮಲ್ಲಿಗೆ, ಹೋಳಿಗೆ ಊಟ. ಕಿಟಕಿ ಎಲ್ಲಾ ಮುಚ್ಚಿ ಒಳಗೆ ಎ.ಸಿ. ಹಾಕಿದ್ರು. ಯಾಕೆ ಗೊತ್ತಾ? ಹೊರಗೆ ಧೂಳಂತೆ! ಬಸುರಿಗೆ ಆಗಲ್ವಂತೆ!

ಮೈಲಾರಿ ಚೀಲ ಹೊತ್ತು ಒಳಗೆ ಹೋದ. ಕೈ ಮುಗಿದ.

"ಸಾವ್ಕಾರ್ರೇ, ನಿಮ್ಮ ವಸ್ತು ನಮ್ಮನೆಗೆ ಬಂದು ಸೇರ್ಕಂಡಿತ್ತು. ಮಂದಿ ವಸ್ತು ಇಟ್ಕಬಾರ್ದು, ವಾಪಸ್ ಕೊಟ್ಟು ಬಾ ಅಂತ ನಮ್ಮವ್ವ ಹೇಳ್ಯಾಳೆ. ತಗಳ್ರಿ."

ಶೇಖ್ರಣ್ಣನ ಮುಖ ಅರಳ್ತು. ಬೀಗರ ಕಡೆ ತಿರುಗಿದ. "ನೋಡಿದ್ರಾ? ಬಡವರಾದ್ರೂ ನಮ್ಮ ಆಳುಗಳು ಎಷ್ಟು ನಿಯತ್ತಿನೋರು! ಬಿಚ್ಚಪ್ಪಾ, ಬಿಚ್ಚು, ಎಲ್ರೂ ನೋಡ್ಲಿ!"

ಹೇಳಿದ ಮ್ಯಾಲೆ ಬಿಡ್ತಾನಾ? ಬಿಚ್ಚಿದ. ಒಂದು ಬಿಚ್ಚಿದ. ಇನ್ನೊಂದು ಬಿಚ್ಚಿದ. ಮತ್ತೊಂದು ಬಿಚ್ಚಿದ.

ಯಪ್ಪಾ! ಹೋಳಿಗೆ ಮ್ಯಾಲೆ ಮಸಿ. ಬೀಗರ ಜರತಾರಿ ಮ್ಯಾಲೆ ಮಸಿ. ಸಾವ್ಕಾರನ ಬಿಳೀ ಅಂಗಿ ಮ್ಯಾಲೆ ಮಸಿ. ಬಸುರಿ ಹೆಣ್ಣಿನ ಮೂಗಿಗೆ ಸೆರಗು ಹಿಡಿದು ಮಹಡಿಗೆ ಓಡಿಸಿದ್ರು. ಖೊಕ್! ಖೊಕ್! ಮನೆ ತುಂಬ ಕೆಮ್ಮೋ ಕೆಮ್ಮು. ಸಾವ್ಕಾರನ ಮುದಿ ತಾಯಿ ಒಬ್ಳು ಗೋಡೆ ಹಿಡ್ಕಂಡು, ಉಸಿರು ಸಿಗ್ದೇ ಬಾಯಿ ಬಾಯಿ ಬಿಡ್ತಿದ್ಲು. ಮೈಲಾರಿ ಓಡಿ ಹೋಗಿ ಅವಳ ಬೆನ್ನು ತಿಕ್ಕಿದ.

"ಬಗ್ಗಿ ನಿಂತ್ಕ ಅಜ್ಜೀ, ಎದೆ ಮ್ಯಾಲೆ ಕೈ ಇಟ್ಕ. ನಮ್ಮವ್ವ ದಿನಾ ಹಂಗೇ ಮಾಡ್ತಾಳೆ."

"ದಿನಾನಾ?" ಅಂದ್ಲು ಅಜ್ಜಿ, ಕಣ್ಣೀರು ಒರೆಸ್ಕಂತಾ.

"ಹೂಂ. ದಿನಾ."

ಶೇಖ್ರಣ್ಣ ಹಾರಿ ಬಂದ. ಕೆಮ್ತಾ ಕೆಮ್ತಾನೇ ಕಿರುಚಿದ. "ಕತ್ತೆ ನನ್ಮಗನೇ! ಇದನ್ನ ಎಲ್ಲಿಂದ ಬಂತೋ ಅಲ್ಲಿಗೇ ತುರುಕು! ಒಂದೆಳೆ ಹೊಗೆ ಹೊರಗೆ ಬಂದ್ರೆ ಚರ್ಮ ಸುಲೀತೀನಿ! ಬಾಯಿ ಕಟ್ಟಲೇ! ಗಟ್ಟಿಯಾಗಿ ಬಾಯಿ ಕಟ್ಟು!"

"ಆತು ಸಾವ್ಕಾರ್ರೇ! ಇನ್ನು ಮ್ಯಾಲೆ ಹಂಗೇ ಮಾಡ್ತೀನಿ!"

ಓಡಿ ಬಂದ ನೋಡ್ರಿ ಗಲ್ಲಿಗೆ! ಭಟ್ಟಿ ಮಾಡಿನ ಮ್ಯಾಲೆ ಹತ್ತಿದ. ಹೊಗೆಕೊಳವೆ ಬಾಯಿಗೆ ಗೋಣಿಚೀಲ ತುರುಕಿದ. ಮುಂದಿನ ಭಟ್ಟಿ ಕೊಳವೆಗೆ ಹುಸೇನ್‌ಬಿ ಅರ್ಧ ಕೌದಿ. ಅದರ ಮುಂದಿನದಕ್ಕೆ ಒದ್ದೆ ಗೋಣಿತಟ್ಟು. ಮ್ಯಾಲೆ ಒಂದೊಂದು ತಟ್ಟೆ ಮಗುಚಿ, ಹಗ್ಗ ಸುತ್ತಿ, ಗಟ್ಟಿಯಾಗಿ ಬಾಯಿ ಕಟ್ಟಿದ. ಒಂದು ಭಟ್ಟಿ ಬಿಡ್ಲಿಲ್ಲ!

ಒಳಗೆ ಹೊಗೆ ತಿರುಗಿ ಬಂತು. ಹುರಿಯೋರು ಹೊರಗೆ ಓಡಿ ಬಂದ್ರು. "ಯಾರಲೇ ಮ್ಯಾಲೆ?"

"ಸಾವ್ಕಾರ್ರ ಅಪ್ಪಣೆ! ಒಂದೆಳೆ ಹೊಗೆ ಹೊರಗೆ ಬರಬಾರ್ದಂತೆ!"

ಸಾವ್ಕಾರ್ರ ಅಪ್ಪಣೆ ಅಂದ ಮ್ಯಾಲೆ ಯಾರು ಮಾತಾಡ್ತಾರೆ? ಒಲೆಗೆ ಮರಳು ಎಸೆದು ಆರಿಸಿ, ಟವೆಲ್ಲು ಹೆಗಲಿಗೆ ಹಾಕ್ಕಂಡು ಗಲ್ಲೀಲಿ ಕುಂತ್ರು. ಸಾವ್ಕಾರ ಅಂಗಿ ತೊಳ್ಕಂತಿದ್ದ, ಬೀಗರ ಕಾಲು ಹಿಡೀತಿದ್ದ, ಈ ಕಡೆ ತಿರುಗಿ ನೋಡೋಕೆ ಅವನಿಗೆಲ್ಲಿ ಪುರುಸೊತ್ತು?

ಹೊತ್ತು ಇಳೀತು. ಕೆರೆ ಕಡೆಯಿಂದ ಗಾಳಿ ಬಂತು. ಗಲ್ಲಿ ಮ್ಯಾಲೆ ಆಕಾಶ ಕಾಣಿಸ್ತು. ಎಷ್ಟೋ ಮಂದಿ ಮಕ್ಳು ಅದನ್ನೇ ಬೆರಳು ಮಾಡಿ ತೋರಿಸ್ತಿದ್ವು.

ಕೊಟ್ರವ್ವ ಪೊರಕೆ ತಗಂಡು ಬಂದ್ಲು. ಸೀರೆ ಸೊಂಟಕ್ಕೆ ಸಿಗಿಸಿದ್ಲು. ಬೈಯಾಣ ಅಂತ ಉಸಿರು ಎಳ್ಕಂಡ್ಲು.

"ಲೇ ಮೈಲಾರೀ! ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಅದಾದ್ರೂ ತಲೆ ಅಲ್ಲಾಡಿಸುತ್ತೆ, ನೀನು ಅದಕ್ಕಿಂತ ಕಡೆ! ಮಾವನ ಮ್ಯಾಲೆ ನೀರು ಸುರಿದೆ! ಬೆಂಕಿಗೆ ಕೈ ಮುಗಿದೆ! ನನ್ನನ್ನ ಒಳಗೆ ಕೂಡಿ ಹಾಕಿದೆ! ಊರ ಮುಚ್ಚಳ ಕದ್ದೆ! ಸೀಮಂತದ ಮನೆಗೆ ಹೊಗೆ ಉಡುಗೊರೆ ಒಯ್ದೆ! ಈಗ ಭಟ್ಟಿ ಬಾಯಿಗೆ ಬಟ್ಟೆ ತುರುಕಿ ಇಡೀ ಗಲ್ಲಿ ಕೂಲಿ ಕಳೆದೆ! ನೀರು ಸುರಿಯೋದು ಬೆಂಕಿಗೆ ಕಣೋ, ಮನುಷ್ಯಂಗಲ್ಲ! ಕೈ ಮುಗಿಯೋದು ಮನುಷ್ಯಂಗೆ, ಬೆಂಕಿಗಲ್ಲ! ತೆಗೀಬೇಕಾದ್ದು ಕಿಟಕಿ, ಮುಚ್ಚಬೇಕಾದ್ದು ಅನ್ನ ನೀರು! ಎಲ್ಲಿ ಏನು ಅಂತ ನೋಡಿ ಮಾಡ್ಬೇಕು, ಕೇಳಿ ಮಾಡ್ಬೇಕು, ತಲೆ ಇರೋದು ಬರೀ ಎಣ್ಣೆ ಹಚ್ಚೋಕಲ್ಲ! ನಿನ್ನ ಹೆತ್ತ ಹೊಟ್ಟೆಗೆ ಇಷ್ಟು ತಂಪು ಕೊಡು, ಇನ್ನು ಮ್ಯಾಲಾದ್ರೂ ಮನುಷ್ಯ ಆಗು!"

ಮುಗೀತು. ಬೈಗುಳ ಮುಗೀತು! ಕೊಟ್ರವ್ವ ಪೊರಕೆ ಹಿಡ್ಕಂಡೇ ನಿಂತಿದ್ಲು. ಎದೆ ಮ್ಯಾಲೆ ಕೈ ಇಟ್ಲು.

"ಹುಸೇನ್‌ಬೀ. ಕೆಮ್ಮು ಬರ್ಲಿಲ್ಲ ಕಣೇ."

ಮೈಲಾರಿ ಬಾಯಿ ತೆಗೆದು ನಿಂತಿದ್ದ. "ಅವ್ವಾ, ಬೈಗುಳಕ್ಕೆ ಇಷ್ಟು ಉದ್ದ ಬಾಲ ಇತ್ತಾ? ಮುಂಚೇನೇ ಪೂರ್ತಿ ಬೈದಿದ್ರೆ ನಾನು ಯಾವತ್ತೋ ಶ್ಯಾಣ್ಯಾ ಆಗ್ತಿದ್ದೆ!"

ಕೊಟ್ರವ್ವ ನಕ್ಲು. ನಕ್ರೂ ಕೆಮ್ಮು ಬರ್ಲಿಲ್ಲ. ಕಟ್ಟೆ ಮ್ಯಾಲೆ ಕುಂತು ಉಸಿರು ಎಳೆದ್ಲು, ಬಿಟ್ಲು. ತನ್ನಷ್ಟಕ್ಕೇ ಅಂದ್ಕಂಡ್ಲು, "ನಾಳೆ ಮತ್ತೆ ಹಚ್ತಾರೆ. ಈ ಗಾಳಿನ ಒಂದಿಷ್ಟು ಎತ್ತಿಡೋಕೆ ಬರಂಗಿದ್ರೆ ಎಷ್ಟು ಚೆನ್ನಾಗಿತ್ತು."

ಅವಳು ಅಂದ್ಕಂಡಿದ್ದು ತನ್ನಷ್ಟಕ್ಕೇ. ಆದ್ರೆ ಪಕ್ಕದಾಗೆ ಕಿವಿ ಇತ್ತಲ್ಲ!

ಮೈಲಾರಿ ಎದ್ದ. ಮತ್ತೆ ಓಡಿದ. ಭಟ್ಟಿಯಾಗೆ ಖಾಲಿ ಚೀಲ ಎಷ್ಟಿದ್ವೋ ಅಷ್ಟೂ ತಂದ. ಗಲ್ಲಿ ಉದ್ದಕ್ಕೂ ಚೀಲದ ಬಾಯಿ ಅಗಲಿಸಿ ಓಡಿದ, ಬಾಯಿ ತಿರುವಿದ, ಕಟ್ಟಿದ. ಕೆರೆ ಏರಿ ಮ್ಯಾಲೆ ಓಡಿದ, ಕಟ್ಟಿದ. ಕಸದ ಗುಡ್ಡೆ ಹತ್ರ ಹೋದಾಗ ಮಾತ್ರ ನಿಂತು, ಮೂಗೆಳೆದು ನೋಡಿ, "ಇಲ್ಲಿಂದು ಬ್ಯಾಡ" ಅಂತ ವಾಪಸ್ ಬಂದ. ನೋಡಿ ಮಾಡ್ಬೇಕು ಅಂದಿದ್ಲಲ್ಲ ಅವ್ವ!

ಕೊಟ್ರವ್ವ ಊಟಕ್ಕೆ ಅಂತ ಒಳಗೆ ಹೋಗೋಕೆ ಬಾಗ್ಲು ತಳ್ಳಿದ್ಲು. ಬಾಗ್ಲು ತೆಗೀಲೇ ಇಲ್ಲ. ಮನೆ ತುಂಬ ಚೀಲ. ಮಂಚದ ಮ್ಯಾಲೆ ಚೀಲ, ಕೆಳಗೆ ಚೀಲ, ಹಂಚಿನ ಮಟ ಚೀಲ.

"ಏನಲೇ ಇದು?"

"ಗಾಳಿ, ಅವ್ವಾ. ನಾಳೆಗೆ. ಎಲ್ಲಾ ಬಾಯಿ ಗಟ್ಟಿಯಾಗಿ ಕಟ್ಟೀನಿ, ನೋಡು ಬೇಕಾದ್ರೆ. ನಿನಗೆ ಸಾಲ್ದೇ ಹೋಗಬಾರ್ದಲ್ಲ."

ಬೈಬೇಕು ಅಂತ ಕೊಟ್ರವ್ವ ಬಾಯಿ ತೆಗೆದ್ಲು. ಉಸಿರು ಬೇಕಾದಷ್ಟಿತ್ತು. ಬೈಗುಳ ಬರ್ಲಿಲ್ಲ. ಅವನ ತಲೆ ಸವರಿ, ಕಟ್ಟೆ ಮ್ಯಾಲೆ ಚಾಪೆ ಹಾಸಿದ್ಲು.

ಬೆಳಗಾತು. ಶೇಖ್ರಣ್ಣನ ಕಡೆಯೋರು ಬಂದು ಕೊಳವೆ ಬಿಡಿಸಿದ್ರು. ಮತ್ತೆ ಟೈರು, ಮತ್ತೆ ಹೊಗೆ. ಹೆಂಗಸ್ರೆಲ್ಲಾ ಜರಡಿ ಹಿಡ್ಕಂಡು ಭಟ್ಟಿಗೆ ಹೋದ್ರು. ಕೊಟ್ರವ್ವನೂ ಹೋದ್ಲು, ಒಂದು ಕಂಕುಳಲ್ಲಿ ಜರಡಿ, ಇನ್ನೊಂದು ಕಂಕುಳಲ್ಲಿ ದೊಡ್ಡ ಚೀಲ. ಎಲ್ರೂ ಬಿದ್ದು ಬಿದ್ದು ನಕ್ರು. "ಏನೇ ಕೊಟ್ರೀ, ಮಗನ ಹುಚ್ಚು ನಿನಗೂ ಹತ್ತಿತಾ?" ಅವಳು ಜರಡಿ ಆಡಿಸ್ತಾನೇ ಇದ್ಲು. ಕೆಮ್ಮು ಬಂದಾಗ ಚೀಲದ ದಾರ ಒಂಚೂರು ಸಡ್ಲಿಸಿ ಮೂಗಿನ ಹತ್ರ ಹಿಡಿಯೋಳು, ಒಂದು ಉಸಿರು ಎಳ್ಕಳ್ಳೋಳು, ಮತ್ತೆ ಕಟ್ಟೋಳು.

ಮಧ್ಯಾಹ್ನದ ಹೊತ್ತಿಗೆ ನಗೋರು ಯಾರೂ ಇರ್ಲಿಲ್ಲ. ಹುಸೇನ್‌ಬಿಗೂ ಕೆಮ್ಮು ಹತ್ತಿತು. ಜರಡಿ ಕೆಳಗಿಟ್ಟು ಬಾಗ್ಲಿಗೆ ಬಂದ್ಲು, ಗಲ್ಲೀಲಿ ಅಡ್ಡಾಡ್ತಿದ್ದ ಮೈಲಾರಿನ್ನ ಕೈ ಬೀಸಿ ಕರೆದ್ಲು.

"ಲೇ ಮೈಲಾರೀ. ನನಗೂ ಒಂದು ಚೀಲ ತಂದು ಕೊಡಪ್ಪಾ."

"ಆತಕ್ಕಾ!" ಅಂದ ಮೈಲಾರಿ, ಆಗ್ಲೇ ಓಡ್ತಾ. "ಇನ್ನು ಮ್ಯಾಲೆ ಹಂಗೇ ಮಾಡ್ತೀನಿ!"

ಇಷ್ಟೇ ಕಣ್ರೇ ಕತೆ. ಅವನು ಅಲ್ಲಿ ಓಡ್ತಾ ಇರ್ಲಿ, ನಾವು ಇಲ್ಲಿ ಜರಡಿ ಹಿಡೀತಾ ಇರಾಣ. ಯಾಕೆ ಎಲ್ಲರ ಕೈ ನಿಂತ್ವು? ಯಾರೇ ಅದು ಕೆಮ್ತಿರೋದು? ಎದ್ದು ಬಂದು ಬಾಗ್ಲು ಹತ್ರ ಕುಂತ್ಕಳೇ, ಇಲ್ಲಿ ಸ್ವಲ್ಪ ಗಾಳಿ ಐತೆ.